ಹನಿ ಬೀಳುವಷ್ಟು ಸಡಿಲ

ದೋಣಿಯ ಹಿಂಭಾಗದಲ್ಲಿ, ಚುಕ್ಕಾಣಿ ಹಿಡಿಯುವವರ ಕಾಲ ಬುಡದಲ್ಲೇ, ಎರಡು ಹಲಗೆಗಳ ಒಂದು ಮುಚ್ಚಳವಿದೆ. ಅದನ್ನೆತ್ತಿದರೆ ಕೆಳಗೆ ಇಂಜಿನ್ ಗುಂಡಿ. ಒಬ್ಬರು ಮಂಡಿಯೂರಿ, ತಲೆ ತಗ್ಗಿಸಿ, ಮಗ್ಗುಲಾಗಿ ತೂರಿಕೊಂಡರೆ ಹಿಡಿಸುವಷ್ಟು ಜಾಗ. ನಡುವೆ ಬಣ್ಣ ಸುಲಿದ ಡೀಸೆಲ್ ಇಂಜಿನ್. ಅದರ ಬೆನ್ನಿನಿಂದ ಹೊರಟ ಉಕ್ಕಿನ ಶಾಫ್ಟು ದೋಣಿಯ ತಳವನ್ನು ದಾಟಿ ಹೊರಗೆ ಹೋಗಿ ನೀರಿನೊಳಗಿನ ಫ್ಯಾನನ್ನು ತಿರುಗಿಸುತ್ತದೆ. ಎಲ್ಲಕ್ಕಿಂತ ಕೆಳಗೆ, ತಳದ ತಗ್ಗಿನಲ್ಲಿ, ನೀರು. ಕಪ್ಪಗೆ, ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ಹೊತ್ತು, ದೋಣಿ ವಾಲಿದತ್ತ ತಾನೂ ವಾಲುವ ನೀರು.

ಅದನ್ನು ಮೊದಲ ಸಲ ಹತ್ತಿರದಿಂದ ಕಂಡಾಗ ಆಕೆಗೆ ಭಯವಾಗಲಿಲ್ಲ, ಸಿಟ್ಟು ಬಂತು. ಯಾರದೋ ಮನೆಗೆ ಹೋದಾಗ ಮಂಚದ ಕೆಳಗೆ ಕಸ ಗುಡಿಸಿ ತಳ್ಳಿದ್ದು ಕಣ್ಣಿಗೆ ಬಿದ್ದರೆ ಬರುವಂಥ ಸಿಟ್ಟು. ಗಂಡ ಇಷ್ಟು ವರ್ಷ ಇದರ ಮೇಲೆ ನಿಂತುಕೊಂಡೇ ದೋಣಿ ಓಡಿಸಿದ್ದ. ಮೇಲಿನ ಹಲಗೆ ಮಾತ್ರ ಕನ್ನಡಿಯಂತೆ ತಿಕ್ಕಿಟ್ಟಿದ್ದ.

ಆಕೆ ತನ್ನ ಅರ್ಧ ಆಯುಸ್ಸನ್ನು ಒಂದು ದೊಡ್ಡ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನೆಲ ಒರೆಸುತ್ತಾ ಕಳೆದವಳು. ಕಿಟಕಿಯಿಲ್ಲದ ಕೋಣೆ, ಹಗಲೂ ರಾತ್ರಿಯೂ ಒಂದೇ ಬೆಳಕು. ಒಂದು ಆಪರೇಷನ್ ಮುಗಿದು ಇನ್ನೊಂದು ಶುರುವಾಗುವ ನಡುವೆ ನೆಲ, ಗೋಡೆ, ಮೇಜಿನ ಕಾಲು, ಚಕ್ರದ ಸಂದು, ಎಲ್ಲವನ್ನೂ ಒರೆಸಬೇಕು. ರಕ್ತ ಹೀರಿದ ಬಟ್ಟೆಯ ತುಂಡುಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿ ಹರವಿಡುವ ಕೆಲಸವೂ ಆಕೆಯದೇ. ನರ್ಸು ಬಂದು ಅವನ್ನು ಎಣಿಸಿ, ಯಾವುದು ಎಷ್ಟು ನೆನೆದಿದೆ ಎಂದು ನೋಡಿ ಡಾಕ್ಟರಿಗೆ ಹೇಳುತ್ತಿದ್ದರು. ಒಳಗೆ ಎಲ್ಲೋ ಸೋರುತ್ತಿದ್ದರೆ ಮೊದಲು ಗೊತ್ತಾಗುವುದು ಬಟ್ಟೆಯಿಂದ. ಅಲ್ಲಿ ‘ಸ್ವಲ್ಪ’ ಎಂಬ ಮಾತಿಗೆ ಬೆಲೆಯಿರಲಿಲ್ಲ. ಎಷ್ಟು ಎಂದು ಹೇಳಬೇಕು, ಎಲ್ಲಿಂದ ಎಂದು ಹೇಳಬೇಕು.

ರಜೆಯ ದಿನ ಮಾತ್ರ ಆಕೆ ಗಂಡನ ದೋಣಿಯಲ್ಲಿರುತ್ತಿದ್ದಳು. ಹೊಳೆ ಸಮುದ್ರ ಸೇರುವ ಕಡೆ, ಈ ದಡದ ಪೇಟೆಯಿಂದ ಆ ದಡದ ಊರಿಗೆ ಜನರನ್ನೂ ಸಾಮಾನನ್ನೂ ದಾಟಿಸುವ ಮರದ ದೋಣಿ. ಗಂಡ ಚುಕ್ಕಾಣಿ ಕೊಟ್ಟು ಸುಮ್ಮನೆ ಕೂರುತ್ತಿದ್ದ. ಒಂದು ಸಲ ತಮಾಷೆಗೆಂದು ಚಾಲಕರ ಪರೀಕ್ಷೆಗೂ ಕೂರಿಸಿದ. ಆಕೆ ತಮಾಷೆ ಮಾಡದೆ ಪಾಸಾದಳು. ಕಣ್ಣಿಗೆಟುಕುವಷ್ಟು ದೂರಕ್ಕೂ ಗೋಡೆಯೇ ಇಲ್ಲದ ಆ ಜಾಗ ಆಕೆಗೆ ಎಷ್ಟು ಹಿಡಿಸಿತ್ತು ಎಂಬುದನ್ನು ಗಂಡನಿಗೂ ಸರಿಯಾಗಿ ಹೇಳಿರಲಿಲ್ಲ.

ಆಮೇಲೆ ಗಂಡನ ಬೆನ್ನು ಕೈಕೊಟ್ಟಿತು. ಆಕೆ ಒರೆಸಿದ ಕೋಣೆಯಲ್ಲೇ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಆದರೆ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಇಂಜಿನ್ ಗುಂಡಿಗೆ ಇಳಿಯುವುದಂತೂ ಕನಸಿನ ಮಾತು. ಐಸ್ ಫ್ಯಾಕ್ಟರಿಯ ಯಜಮಾನ ದೋಣಿಯನ್ನು ಕೊಳ್ಳುತ್ತೇನೆಂದು ಹೇಳಿ ಕಳಿಸಿದ. ಗಂಡ ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಂಡು, ಮುಂದಿನ ಕೋಣೆಗೆ ಎಳೆದು ಹಾಕಿದ ಮಂಚದ ಮೇಲೆ ಹಲಗೆಯಂತೆ ಮಲಗಿ, ಎದುರುಮನೆಯ ಗೋಡೆ ನೋಡುತ್ತಾ ಒಂದು ದಿನ ಹೇಳಿದ:

"ಕೊಟ್ಟುಬಿಡೋಣ ಕಣೇ."

"ನಾನು ಓಡಿಸ್ತೀನಿ."

"ಓಡಿಸೋದು ದೊಡ್ಡದಲ್ಲ. ಆ ಗುಂಡಿ ಯಾರು ನೋಡ್ಕೊಳ್ತಾರೆ?"

"ನಾನೇ."

ಗಂಡ ಕತ್ತು ತಿರುಗಿಸಲಾಗದೆ ಕಣ್ಣು ಮಾತ್ರ ಆಕೆಯತ್ತ ತಿರುಗಿಸಿದ. ಕಡೆಗೆ ಒಂದು ಒಪ್ಪಂದಕ್ಕೆ ಬಂದರು. ತಿಂಗಳ ಕೊನೆಗೆ ಯಜಮಾನ ಬರುತ್ತಾನೆ. ಅಷ್ಟರೊಳಗೆ ಇಂಜಿನ್ ಗುಂಡಿಯನ್ನು ಆಕೆಯೊಬ್ಬಳೇ ಸಂಭಾಳಿಸಬಲ್ಲಳು ಎಂದು ಗೊತ್ತಾದರೆ ದೋಣಿ ತಮ್ಮದೇ. ಇಲ್ಲದಿದ್ದರೆ ಅವನದು. ಆಕೆ ಆಸ್ಪತ್ರೆಗೆ ಉದ್ದ ರಜೆ ಹಾಕಿದಳು.

ಮೊದಲ ದಿನವೇ ಸಂಜೆ ಮನೆಗೆ ಬಂದು ಕೇಳಿದಳು:

"ಗುಂಡಿ ತುಂಬಾ ನೀರಿದೆಯಲ್ಲ ರೀ?"

"ಇರುತ್ತೆ."

"ಇರುತ್ತೆ ಅಂದ್ರೆ?"

"ದೋಣಿ ಇರೋದೇ ನೀರಲ್ಲಿ. ಸ್ವಲ್ಪ ಒಳಗೂ ಬರುತ್ತೆ. ಬೆಳಿಗ್ಗೆ ಡಬ್ಬದಲ್ಲಿ ಮೊಗೆದು ಹಾಕು, ಆಯ್ತು."

"ಸ್ವಲ್ಪ ಅಂದ್ರೆ ಎಷ್ಟು?"

ಗಂಡ ಬಲಗೈ ಎತ್ತಿ, ಎಡಗೈ ಬೆರಳನ್ನು ಮಣಿಕಟ್ಟಿನ ಹತ್ತಿರ ಇಟ್ಟ. ಯೋಚಿಸಿ ಕೊಂಚ ಮೇಲೆ ಸರಿಸಿದ. ಮತ್ತೆ ಕೆಳಗೆ ತಂದ. "ಕೈ ಇಟ್ರೆ ಗೊತ್ತಾಗುತ್ತೆ."

"ನಿಮ್ಮ ಕೈಗೆ ಗೊತ್ತಾಗುತ್ತೆ. ನನ್ನ ಕೈಗೆ ಯಾರು ಹೇಳ್ತಾರೆ?"

"ಅಯ್ಯೋ ಮಹಾತಾಯಿ, ಬೆನ್ನು ನೋಯ್ತಿದೆ ಬಿಡು."

ಆತ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹೇಳಲು ಬರುತ್ತಿರಲಿಲ್ಲ. ತಾನೊಬ್ಬನೇ ಇಳಿಯುತ್ತಿದ್ದ ಗುಂಡಿ. ಯಾರಿಗೂ ಬಾಯಿಬಿಟ್ಟು ವಿವರಿಸುವ ಪ್ರಮೇಯವೇ ಬಂದಿರಲಿಲ್ಲ.

ಆಕೆ ತನಗೆ ಗೊತ್ತಿದ್ದ ದಾರಿ ಹಿಡಿದಳು. ಹಳೆಯ ಬಿಳಿ ಬೆಡ್‌ಶೀಟೊಂದನ್ನು, ಕೈಗೆ ಸಿಕ್ಕ ಗಂಡನ ಎರಡು ಬನಿಯನ್ನುಗಳನ್ನು ಅಂಗೈಯಗಲದ ತುಂಡು ಮಾಡಿದಳು. ಗುಂಡಿಯ ನೀರನ್ನೆಲ್ಲ ಮೊಗೆದು, ಒರೆಸಿ, ಒಣಗಿಸಿದಳು. ಆಮೇಲೆ ಅನುಮಾನ ಬಂದಲ್ಲೆಲ್ಲ ಒಂದೊಂದು ತುಂಡು ಹಾಸಿದಳು. ಇಂಜಿನ್ ತಣಿಸುವ ನೀರಿನ ರಬ್ಬರ್ ಕೊಳವೆಯ ಕೆಳಗೆ, ಪಂಪಿನ ಬುಡದಲ್ಲಿ, ಹಲಗೆ ಹಲಗೆ ಸೇರುವ ಸಂದಿಗೆ, ಶಾಫ್ಟು ಹೊರಗೆ ಹೋಗುವ ತೂತಿನ ಬಾಯಿಗೆ. ಒಂದು ಸಲ ಆ ದಡಕ್ಕೆ ಹೋಗಿ ಬಂದು ಮುಚ್ಚಳ ತೆಗೆದಳು. ಉಳಿದ ತುಂಡುಗಳೆಲ್ಲ ಹಾಸಿದ ಹಾಗೇ ಒಣಗಿದ್ದವು. ಶಾಫ್ಟಿನ ಬಾಯಿಯ ಕೆಳಗಿನದು ಮಾತ್ರ ಹಿಂಡಿದರೆ ಸುರಿಯುವಷ್ಟು ನೆನೆದಿತ್ತು.

ಆ ತೂತಿನ ಬಾಯಲ್ಲಿ ಹಿತ್ತಾಳೆಯ ಒಂದು ಕೊರಳಪಟ್ಟಿಯಿದೆ. ದೋಣಿಯವರು ಅದನ್ನು ಗ್ಲ್ಯಾಂಡು ಎನ್ನುತ್ತಾರೆ. ಅದರೊಳಗೆ ಶಾಫ್ಟನ್ನು ಸುತ್ತಿಕೊಂಡು ಗ್ರೀಸು ಮೆತ್ತಿದ ನಾರಿನ ಹಗ್ಗವಿರುತ್ತದೆ. ಎರಡು ನಟ್ಟು ಬಿಗಿದರೆ ಹಗ್ಗ ಒತ್ತಿಕೊಂಡು ಹೊರಗಿನ ನೀರನ್ನು ತಡೆಯುತ್ತದೆ. ಇಂಜಿನ್ ತಿರುಗುತ್ತಿರುವಾಗ ಆಕೆ ಟಾರ್ಚು ಹಿಡಿದು ನೋಡಿದಳು. ಕೊರಳಪಟ್ಟಿಯ ಅಂಚಿನಲ್ಲಿ ಹನಿ ಮೂಡಿ, ತುಂಬಿ, ಕೆಳಗೆ ಬಿತ್ತು. ಮತ್ತೊಂದು ಮೂಡಿತು.

ಕಳ್ಳ ಸಿಕ್ಕಿಬಿದ್ದ. ಆಕೆ ಸ್ಪ್ಯಾನರ್ ತೆಗೆದುಕೊಂಡು ಎರಡೂ ನಟ್ಟುಗಳನ್ನು ಬಿಗಿದಳು. ಹನಿ ನಿಧಾನವಾಯಿತು. ಇನ್ನಷ್ಟು ಬಿಗಿದಳು. ನಿಂತಿತು. ನಿಂತ ಮೇಲೂ, ಇರಲಿ ಎಂದು, ಮೈಭಾರ ಬಿಟ್ಟು ಇನ್ನೊಂದು ಸುತ್ತು ತಿರುಗಿಸಿದಳು.

ಮುಂದಿನ ದಿನಗಳಲ್ಲಿ ಆ ಗುಂಡಿಯನ್ನು ನೋಡಬೇಕಿತ್ತು. ಒಳಗೆಲ್ಲ ಬಿಳಿ ಬಣ್ಣ. ಮೂಲೆ ಮೂಲೆಗೆ ಫಿನಾಯಿಲ್. ತುಕ್ಕು ಹಿಡಿದ ಮೊಗೆಯುವ ಡಬ್ಬ ಇನ್ನೇಕೆಂದು ಗುಜರಿಗೆ ಹೋಯಿತು. ದಿನವೂ ಆ ದಡಕ್ಕೆ ಹೊಲಿದ ಬಟ್ಟೆ ತಲುಪಿಸುವ ದರ್ಜಿಯೊಬ್ಬನಿದ್ದ. ಅವನ ನಾಲಿಗೆಗೆ ಕತ್ತರಿಗಿಂತ ಹೆಚ್ಚು ಕೆಲಸ. ದೋಣಿಗೆ ಕಾಲಿಟ್ಟವನೇ ಮೂಗು ಅರಳಿಸಿದ.

"ಏನಕ್ಕ, ಇದು ದೋಣಿಯೋ ಆಸ್ಪತ್ರೆಯೋ? ಹತ್ತೋ ಮುಂಚೆ ಹೊರರೋಗಿ ಚೀಟಿ ಮಾಡಿಸ್ಬೇಕಾ?"

"ನಿನಗೆ ಚೀಟಿ ಸಾಲದು, ಅಡ್ಮಿಟ್ಟೇ ಮಾಡ್ಕೊಳ್ಬೇಕು. ಕೂತ್ಕೋ."

ಅಂದಿನಿಂದ ಆಕೆ ಎರಡೂ ದಡಗಳಿಗೆ ಫಿನಾಯಿಲಕ್ಕ ಆದಳು. ಆಕೆಗೆ ಬೇಸರವಾಗಲಿಲ್ಲ. ಹೆಸರು ಬಿತ್ತೆಂದರೆ ಜನ ಒಪ್ಪಿಕೊಂಡರು ಎಂದೇ ಅರ್ಥ.

ಮನೆಯಲ್ಲಿ ಗಂಡ ಕೇಳಿದಾಗ "ಗುಂಡಿ ಒಣಗಿದೆ" ಎಂದಷ್ಟೇ ಹೇಳಿದಳು. ಬೆಳಿಗ್ಗೆ ಬೆಳಿಗ್ಗೆ ಮೊಗೆಯುತ್ತಿದ್ದಾಳೆ ಎಂದುಕೊಂಡು ಆತ ತಲೆಯಾಡಿಸಿದ. ಸ್ಪ್ಯಾನರಿನ ವಿಷಯ ಆಕೆ ಬೇಕೆಂದೇ ಎತ್ತಲಿಲ್ಲ. ಯಜಮಾನ ಬಂದ ದಿನ ಮುಚ್ಚಳ ತೆಗೆದು ಇಬ್ಬರಿಗೂ ಒಟ್ಟಿಗೆ ತೋರಿಸಬೇಕೆಂಬ ಆಸೆ. ಸಂಜೆ ಒರೆಸುವಾಗ ಕೊರಳಪಟ್ಟಿ ಬಿಸಿಯಾಗಿರುತ್ತಿತ್ತು. ಇಂಜಿನ್ ಪಕ್ಕ ಯಾವುದು ತಾನೇ ತಣ್ಣಗಿರುತ್ತದೆ ಎಂದುಕೊಂಡಳು.

ಐಸ್ ಫ್ಯಾಕ್ಟರಿ ಯಜಮಾನ ತಿಂಗಳ ಕೊನೆಗೆ ಕಾಯಲಿಲ್ಲ. ಒಂದು ಮಧ್ಯಾಹ್ನ ಟಿಕೆಟ್ ತೆಗೆದುಕೊಂಡು ಎಲ್ಲರಂತೆ ಹತ್ತಿ, ಹಿಂಬದಿಯ ಹಲಗೆಯ ಮೇಲೆ ಕೂತ. ದಪ್ಪ ಮೈ, ಕಂಕುಳಲ್ಲಿ ಕೊಡೆ.

"ಹೇಳಿ ಬಂದ್ರೆ ದೋಣಿ ಪೌಡರ್ ಹಚ್ಕೊಂಡು ನಿಂತಿರುತ್ತೆ," ಎಂದ. "ಅದಕ್ಕೇ ಹೇಳದೆ ಬಂದೆ. ನೀವು ನಿಮ್ಮ ಪಾಡಿಗೆ ಓಡಿಸಿ ತಾಯಿ."

ಆಕೆ ನಿರಾಳವಾಗಿ ನಕ್ಕಳು. ಪೌಡರ್ ದಿನವೂ ಹಚ್ಚಿಯೇ ಇದೆ, ನೋಡಿಕೊಳ್ಳಲಿ.

ಅಂದು ಎದುರುಗಾಳಿ. ದೋಣಿ ತುಂಬಾ ಜನ. ದರ್ಜಿ ಶಾಲೆಯ ಮಕ್ಕಳ ಸಮವಸ್ತ್ರದ ದೊಡ್ಡ ಗಂಟಿನೊಂದಿಗೆ ನಡುವೆ ಕೂತಿದ್ದ. ಇಂಜಿನ್ನನ್ನು ಎಂದಿಗಿಂತ ಜೋರಾಗಿ ಓಡಿಸಬೇಕಾಯಿತು. ಹೊಳೆಯ ನಡುಭಾಗ ದಾಟುವಾಗ ಆಕೆಗೆ ವಾಸನೆ ಬಡಿಯಿತು. ಡೀಸೆಲ್ ಅಲ್ಲ, ಫಿನಾಯಿಲ್ ಅಲ್ಲ. ನಾರು ಸುಟ್ಟ ವಾಸನೆ. ಕಾಲ ಕೆಳಗಿನ ಮುಚ್ಚಳದ ಸಂದಿಯಿಂದ ತೆಳುವಾಗಿ ಹೊಗೆ ಏಳುತ್ತಿತ್ತು.

ಆಕೆ ಇಂಜಿನ್ ನಿಲ್ಲಿಸಿದಳು. ಒಮ್ಮೆಲೇ ಆವರಿಸಿದ ಮೌನಕ್ಕೆ ಎಲ್ಲರೂ ಹಿಂದೆ ತಿರುಗಿ ನೋಡಿದರು.

"ಲಂಗರು ಬಿಡಪ್ಪ," ಎಂದಳು ದರ್ಜಿಗೆ. ದರ್ಜಿ ಜೀವನದಲ್ಲೇ ಮೊದಲ ಸಲ ಮರುಮಾತಾಡದೆ ಎದ್ದ.

ಮುಚ್ಚಳ ತೆಗೆದು ಇಳಿದಳು. ಹಿತ್ತಾಳೆಯ ಕೊರಳಪಟ್ಟಿಯ ಬಣ್ಣವೇ ಬದಲಾಗಿತ್ತು. ಒದ್ದೆ ಬಟ್ಟೆ ಹೊದಿಸಿದರೆ ಚುಂಯ್ ಎಂದಿತು. ಕೊಂಚ ತಣಿದ ಮೇಲೆ, ಉಸಿರಾಡಲಿ ಎಂಬಂತೆ, ನಟ್ಟುಗಳನ್ನು ಸಡಿಲಿಸಿದಳು. ಒಳಗೆ ಹಗ್ಗವಿರಬೇಕಾದಲ್ಲಿ ಕರಕಲಾಗಿ ಮುರುಟಿದ ಚೂರುಗಳಷ್ಟೇ ಉಳಿದಿದ್ದವು. ಶಾಫ್ಟಿನ ಸುತ್ತ ಬೆರಳುದಪ್ಪದ ನೀರು ಒಳಗೆ ಚಿಮ್ಮಿತು. ಬಿಳಿ ಬಣ್ಣದ ಗುಂಡಿ ಕಣ್ಣೆದುರೇ ತುಂಬತೊಡಗಿತು.

ಕೈ ಅಭ್ಯಾಸದಂತೆ ಡಬ್ಬಕ್ಕೆ ಹೋಯಿತು. ಡಬ್ಬ ಗುಜರಿಯಲ್ಲಿತ್ತು.

"ಮೊಗೆಯೋಕೆ ಏನಾದ್ರೂ ಕೊಡಿ," ಎಂದು ಕೂಗಿದಳು. ಕೆಳಗೆ ಮೊದಲು ಬಂದದ್ದು ದರ್ಜಿಯ ಊಟದ ಡಬ್ಬಿ. ಯಜಮಾನ ಕೋಟು ಕಳಚಿ, ಗುಂಡಿಯ ಅಂಚಿಗೆ ಕಷ್ಟಪಟ್ಟು ಮಂಡಿಯೂರಿ, ತುಂಬಿದ್ದನ್ನು ಇಸಿದುಕೊಂಡು ಹೊಳೆಗೆ ಚೆಲ್ಲತೊಡಗಿದ.

"ಇನ್ನೊಂದು ದೋಣಿಗೆ ಫೋನ್ ಮಾಡ್ಲಾ ಅಕ್ಕ?" ಎಂದ ದರ್ಜಿ.

"ಮಾಡು. ಅವರು ಬರೋವರೆಗೆ ಕೈ ನಿಲ್ಲಿಸಬೇಡಿ." ಆಕೆ ಒಂದು ಕೈಯಿಂದ ಕೊರಳಪಟ್ಟಿಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮನೆಗೆ ಫೋನ್ ಹಚ್ಚಿದಳು. ದೋಣಿ ಕೈತಪ್ಪಿತೆಂಬುದು ಆ ಹೊತ್ತಿಗೇ ಮನಸ್ಸಿಗೆ ಖಾತ್ರಿಯಾಗಿತ್ತು. ಕೊಳ್ಳುವವನೇ ತಲೆಯ ಮೇಲೆ ಕೂತು ನೋಡುತ್ತಿದ್ದಾನೆ. ಆದರೂ ಸುಳ್ಳು ಹೇಳಲು ಬಿಡುವಿರಲಿಲ್ಲ.

"ಗ್ಲ್ಯಾಂಡು ಸುಟ್ಟು ಹೋಯ್ತು ರೀ. ನಾನೇ ಬಿಗಿ ಮಾಡಿದ್ದೆ."

"ಎಷ್ಟು ಬಿಗಿ?"

"ಒಂದು ಹನೀನೂ ಬೀಳದಷ್ಟು."

ಆಕೆ ಬೈಗುಳಕ್ಕೆ ಕಾದಳು.

"ಅದಕ್ಕೆ ಹನಿ ಬೇಕು ಕಣೇ," ಎಂದ ಗಂಡ ಮೆಲ್ಲಗೆ. "ಶಾಫ್ಟು ತಿರುಗೋವಾಗ ಹಗ್ಗ ಅದನ್ನ ಉಜ್ತಾ ಇರುತ್ತೆ. ಹೊರಗಿನ ನೀರು ಒಳಗೆ ಬರ್ತಾ ಇದ್ರೇನೇ ಅದು ತಣ್ಣಗಿರೋದು. ನೀನು ಗಂಟಲೇ ಹಿಸುಕಿಬಿಟ್ಟಿದೀಯ. ಈಗ ಬಟ್ಟೆ ಇದೆಯಾ?"

"ಬಟ್ಟೆ ಬೇಕಾದಷ್ಟಿದೆ."

"ಉದ್ದಕ್ಕೆ ಸೀಳಿ, ಗ್ರೀಸಲ್ಲಿ ಹೊರಳಿಸಿ, ಶಾಫ್ಟಿಗೆ ಸುತ್ತಿ ಒಳಗೆ ತುರುಕು. ನಟ್ಟು ಬೆರಳಲ್ಲೇ ತಿರುಗಿಸು, ಸ್ಪ್ಯಾನರ್ ಮುಟ್ಟಬೇಡ. ಆಮೇಲೆ ಇಂಜಿನ್ ನಿಧಾನಕ್ಕೆ ಬಿಟ್ಟು ನೋಡು. ಸ್ವಲ್ಪ ನೀರು ಬಂದ್ರೆ..."

"ಸ್ವಲ್ಪ ಅಂತ ಮಾತ್ರ ಹೇಳಬೇಡಿ. ಎಷ್ಟು?"

ಗಂಡ ಉಸಿರೆಳೆದುಕೊಂಡದ್ದು ಕೇಳಿಸಿತು. ಅವನ ಕೈ ಗಾಳಿಯಲ್ಲಿ ಏನನ್ನೋ ಅಳೆಯುತ್ತಿರಬೇಕು.

"ಆಸ್ಪತ್ರೇಲಿ ನನಗೆ ಸಲೈನ್ ಹಾಕಿದ್ರಲ್ಲ, ನೀನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ಹಾಗೆ."

"ಜೋರಾಗಿ ಬಿಟ್ಟಿದ್ದೋ, ನಿಧಾನಕ್ಕೆ ಬಿಟ್ಟಿದ್ದೋ?"

"ನಿಧಾನಕ್ಕೆ ಬಿಟ್ಟಿದ್ದು. ಒಂದು ಬಿದ್ದ ಮೇಲೆ ಇನ್ನೊಂದು ಯೋಚನೆ ಮಾಡಿ ಬೀಳ್ತಿತ್ತಲ್ಲ, ಅದು."

"ಗೊತ್ತಾಯ್ತು. ಇಡಿ," ಎಂದಳು.

ನಿಜವಾಗಿಯೂ ಗೊತ್ತಾಗಿತ್ತು. ಆ ಹನಿಯ ಲಯ ಆಕೆಯ ಮೈಗೇ ಗೊತ್ತಿತ್ತು. ಎದೆಮಟ್ಟದ ಗುಂಡಿಯಲ್ಲಿ ಮಂಡಿ ಮುಳುಗುವ ನೀರಿನಲ್ಲಿ ಕೂತು ಗ್ರೀಸು ಮೆತ್ತಿದ ಸೀಳುಗಳನ್ನು ಒಂದರ ಮೇಲೊಂದು ಸುತ್ತಿ, ಬೆರಳ ತುದಿಯಿಂದ ಒಳಗೆ ಒತ್ತಿದಳು. ಮೊದಲ ಎರಡನ್ನು ನೀರು ಹೊರಗೆ ತಳ್ಳಿತು. ಮೂರನೆಯದನ್ನು ಹೆಣೆದು ಹಗ್ಗದಂತೆ ಮಾಡಿ ತುರುಕಿದಳು, ನಿಂತಿತು. ನಟ್ಟುಗಳನ್ನು ಬೆರಳಲ್ಲಿ, ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು ತಿರುಗಿಸಿದಳು. ಚಿಮ್ಮುತ್ತಿದ್ದದ್ದು ಹರಿಯಿತು, ಹರಿಯುತ್ತಿದ್ದದ್ದು ತೊಟ್ಟಿಕ್ಕಿತು. ಮೇಲಿನಿಂದ ಯಜಮಾನನೇ ಇಂಜಿನ್ ಚಾಲೂ ಮಾಡುವ ಬಟನ್ ಒತ್ತಿದ. ಶಾಫ್ಟು ಮೆಲ್ಲಗೆ ತಿರುಗಿತು. ಒಂದು ಹನಿ ಬಿತ್ತು. ಆಕೆ ಕಾದಳು. ಮತ್ತೊಂದು ಬಿತ್ತು. ಕೊರಳಪಟ್ಟಿಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು, ಅಷ್ಟೆ.

"ಇನ್ನೊಂದು ದೋಣಿ ಹೊರಟಿದೆಯಂತೆ ಅಕ್ಕ," ಎಂದು ದರ್ಜಿ ಬಗ್ಗಿ ಹೇಳಿದ.

"ಪಕ್ಕದಲ್ಲೇ ಬರಲಿ. ನಾವೇ ಹೋಗೋಣ."

ನಡೆದು ಹೋಗುವವರೂ ಹಿಂದಿಕ್ಕುವಂಥ ವೇಗದಲ್ಲಿ ದೋಣಿ ಆ ದಡ ಸೇರಿತು. ಎಲ್ಲರೂ ಇಳಿದ ಮೇಲೆ ಯಜಮಾನ ಒದ್ದೆ ತೋಳಿನ ಅಂಗಿ ಹಿಂಡಿಕೊಳ್ಳುತ್ತಾ ನಿಂತ. "ನಾಳೆ ನಿಮ್ಮ ಮನೆಯವರನ್ನ ಕಾಣ್ತೀನಿ," ಎಂದಷ್ಟೇ ಹೇಳಿ ಕೊಡೆ ಎತ್ತಿಕೊಂಡು ಹೋದ.

ಮರುದಿನ ದೋಣಿಯನ್ನು ಈ ದಡಕ್ಕೆ ತಂದು ಮೇಲಕ್ಕೆಳೆದರು. ಲೇತ್ ಅಂಗಡಿಯಿಟ್ಟಿದ್ದ ಆಕೆಯ ಭಾವ, ಅಕ್ಕನ ಗಂಡ, ಶಾಫ್ಟಿನ ಮೇಲೆ ಉಗುರಾಡಿಸಿ, "ಗೀರಿದೆ, ಆದ್ರೆ ಆಳವಾಗಿಲ್ಲ. ಉಜ್ಜಿದ್ರೆ ಹೋಗುತ್ತೆ," ಎಂದು ಮರಳು ಕಾಗದ ಹಿಡಿದು ಕೂತ. ಗಂಡ ಆಪರೇಷನ್ ಆದಮೇಲೆ ಮೊದಲ ಸಲ ಮನೆಯಿಂದ ಹೊರಬಿದ್ದು, ಗೋಡೆ ಗೋಡೆ ಹಿಡಿದು ನಡೆದು ಬಂದಿದ್ದ. ನೆಟ್ಟಗೆ ನಿಂತೇ ಗುಂಡಿಯೊಳಗೆ ಇಣುಕಿದ.

"ಇದೇನೇ, ಬಿಳಿ ಬಣ್ಣ ಹೊಡೆದಿದೀಯ?"

"ನೀರು ಎಲ್ಲಿಂದ ಬರುತ್ತೆ ಅಂತ ಬೇಗ ಕಾಣಲಿ ಅಂತ."

"ಗ್ಲ್ಯಾಂಡಿಂದಲೇ ಅಂತ ಹೇಗೆ ಗೊತ್ತಾಯ್ತು?"

ಆಕೆ ಬಟ್ಟೆಯ ತುಂಡುಗಳ ಕಥೆ ಹೇಳಿದಳು. ಉಳಿದಿದ್ದ ಒಣ ತುಂಡುಗಳನ್ನು, ಹಾಸಿದ ಜಾಗಗಳನ್ನು ತೋರಿಸಿದಳು. ಗಂಡ ಅವನ್ನೇ ಬಹಳ ಹೊತ್ತು ನೋಡಿದ. ಹಲಗೆಯ ಸಂದು ಸೋರುತ್ತಿದೆಯೋ ಏನೋ ಎಂಬ ಒಂದು ಅನುಮಾನ ಅವನೊಳಗೆ ವರ್ಷಗಳಿಂದ ಕೂತಿತ್ತು. ಯಾರಿಗೂ ಹೇಳಿರಲಿಲ್ಲ, ಮೊಗೆದು ಹಾಕಿ ಸುಮ್ಮನಾಗುತ್ತಿದ್ದ.

"ಸಂದು ಒಣಗಿತ್ತಾ?"

"ಪುಡಿ ಉದುರಿಸಿದ್ರೆ ಪುಡಿಯಾಗೇ ಇರ್ತಿತ್ತು."

ಆತನ ಮುಖ ಸಡಿಲಾಯಿತು. ಅಷ್ಟರಲ್ಲಿ ಯಜಮಾನ ಬಂದ. ಸುತ್ತುಬಳಸಿ ಮಾತಾಡುವವನಲ್ಲ.

"ಏನು ಮಾಡ್ತೀರಿ? ಕೊಡ್ತೀರೋ ಇಲ್ವೋ?"

ಗಂಡ ಬೆಲ್ಟಿನೊಳಗೆ ಕೈ ತೂರಿಸಿ ಸೊಂಟ ನೀವಿಕೊಂಡ. "ಅವಳನ್ನ ಕೇಳಿ. ಗುಂಡಿ ಅವಳದು."

ಆಕೆ ತಲೆಯೆತ್ತಿ ಗಂಡನನ್ನು ನೋಡಿದಳು. "ನಿನ್ನೆ ಮುಳುಗಿಸ್ತಿದ್ದೆ ರೀ," ಎಂದಳು.

"ಮುಳುಗಿಸ್ಲಿಲ್ವಲ್ಲ. ಒಣಗಿಸೋದೂ ಗೊತ್ತಾಯ್ತು, ಎಲ್ಲಿ ನಿಲ್ಲಿಸ್ಬೇಕು ಅನ್ನೋದೂ ಗೊತ್ತಾಯ್ತು. ಇನ್ನೇನು ನೋಡ್ಕೊಳ್ಳೋದು ಅಂದ್ರೆ?"

ಭಾವ ಉಜ್ಜುವುದನ್ನು ನಿಲ್ಲಿಸಿ ಕಿವಿ ಇತ್ತ ಕೊಟ್ಟಿದ್ದ. ಆಕೆ ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಪ್ರತಿ ಬೆರಳನ್ನೂ ಬೇರೆ ಬೇರೆಯಾಗಿ ಒರೆಸಿಕೊಂಡಳು.

"ಕೊಡಲ್ಲ," ಎಂದಳು.

ಯಜಮಾನ ತಲೆಯಾಡಿಸಿದ. ಹೋಗಲು ತಿರುಗಿದವನು ನಿಂತ. "ಹಾಗಾದ್ರೆ ಆ ದಡದ ಅಂಗಡಿಗಳಿಗೆ ನನ್ನ ಐಸು ಹೊರ್ತೀರಾ? ಬೇರೆಯವರ ದೋಣೀಲಿ ಏನಾದ್ರೂ ಕೆಟ್ರೆ ಏನಾಗುತ್ತೋ ನನಗೆ ಗೊತ್ತಿಲ್ಲ. ನಿಮ್ಮದರಲ್ಲಿ ಏನಾಗುತ್ತೆ ಅಂತ ಕಣ್ಣಾರೆ ನೋಡಿದೀನಿ."

ಹೊಸ ಹಗ್ಗ ಸುತ್ತುವಾಗ ಗಂಡ ಮೇಲೆ ನಿಂತು ಹೇಳುತ್ತಾ ಹೋದ, ಆಕೆ ಕೆಳಗೆ ಕೂತು ಮಾಡುತ್ತಾ ಹೋದಳು. ಪ್ರತಿ ಸುತ್ತಿನ ತುದಿಯನ್ನೂ ಓರೆಯಾಗಿ ಕತ್ತರಿಸಬೇಕು, ಒಂದರ ಕೂಡು ಇನ್ನೊಂದರ ಕೂಡಿನ ಮೇಲೆ ಬರಬಾರದು. ಹೇಳುತ್ತಾ ಹೇಳುತ್ತಾ ಆತನಿಗೇ ಅಚ್ಚರಿ, ತನಗೆ ಇಷ್ಟೆಲ್ಲ ಗೊತ್ತಿತ್ತೇ ಎಂದು. ಆಕೆ ಎರಡು ಸಲ ಅವನನ್ನು ತಡೆದು, "ಇನ್ನೊಂದ್ಸಲ ಹೇಳಿ, ನಿಧಾನಕ್ಕೆ," ಎಂದಳು.

ದೋಣಿ ನೀರಿಗಿಳಿದ ಬೆಳಿಗ್ಗೆ ಗಂಡ ತಾನೂ ಆ ದಡಕ್ಕೆ ಹೋಗಿ ಬರುತ್ತೇನೆಂದ. ಹಿಂದೆ ಇಂಜಿನ್ನಿನ ನಡುಕ ಬೆನ್ನಿಗಾಗದೆಂದು ಆಕೆ ಅವನನ್ನು ಮುಂತುದಿಯ ಹಲಗೆಯ ಮೇಲೆ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಇಷ್ಟು ವರ್ಷ ಆತ ಹಿಂದಿನಿಂದ, ಜನರ ತಲೆಗಳ ಮೇಲಿಂದ ಆ ದಡವನ್ನು ನೋಡಿದ್ದವನು. ಈಗ ಅವನ ಮುಂದೆ ಯಾರೂ ಇರಲಿಲ್ಲ. ಆತ ಏನೋ ಹೇಳಿದ; ಇಂಜಿನ್ ಸದ್ದಿನಲ್ಲಿ ಆಕೆಗೆ ಕೇಳಿಸಲಿಲ್ಲ.

"ಏನಂತೆ?" ಎಂದು ಕೂಗಿದಳು.

ದರ್ಜಿ ನಡುವಿನಿಂದ ಎದ್ದು ನಿಂತು ಸುದ್ದಿ ಮುಟ್ಟಿಸಿದ. "ದಡ ಇಲ್ಲಿಂದ ಬೇರೆ ಥರಾನೇ ಕಾಣುತ್ತಂತೆ ಅಕ್ಕ. ದಿನಾ ಬರ್ತಾರಂತೆ."

"ಬರೋದಾದ್ರೆ ಸುಮ್ನೆ ಕೂರೋಕಾಗಲ್ಲ ಅಂತ ಹೇಳು. ಟಿಕೆಟ್ ಕೊಡೋ ಕೆಲಸ ಇದೆ."

ದರ್ಜಿ ಮುಂದಕ್ಕೆ ಹೋಗಿ ಹೇಳಿ, ಉತ್ತರ ಪಡೆದು, ಮತ್ತೆ ಹಿಂದಕ್ಕೆ ಬಂದ. "ಕೊಡ್ತಾರಂತೆ. ನನಗೆ ಮಾತ್ರ ಪುಕ್ಕಟೆ ಕೊಡ್ತಾರಂತೆ."

"ಅವರು ಹಾಗೆ ಅಂದಿರಲ್ಲ," ಎಂದಳು ಆಕೆ, ಚುಕ್ಕಾಣಿಯನ್ನು ಕೊಂಚ ಎಡಕ್ಕೆಳೆದು.